ಪದವಿ ಮಕ್ಕಳಿಗೆ ಪ್ಯಾರಾ, ಪ್ರಬಂಧ ಬರೆಯೋದು ಕಲಿಸಲು ಎಲ್ಲಿಂದ ಶುರು ಮಾಡಬೇಕು?

ಹೊಸಪೇಟೆ ಮೇಷ್ಟ್ರು:
ಬಿ.ಕಾಂ. ಮೊದಲ ಸೆಮಿಸ್ಟರಿನ ಕನ್ನಡ ತರಗತಿ, 70 ಜನ. ‘ನೀರಿನ ಸಂರಕ್ಷಣೆ’ ಅಂತ ಪ್ರಬಂಧ ಕೊಟ್ಟರೆ ಎಲ್ಲರದ್ದೂ ಒಂದೇ ಅಚ್ಚು: ‘ನೀರು ಜೀವಜಲ’ ಎಂಬ ಪೀಠಿಕೆ, ಒಂದು ಗಾದೆ, ನಾಲ್ಕು ಉಪದೇಶ, ‘ಹೀಗೆ ನಾವೆಲ್ಲರೂ ಕೈಜೋಡಿಸೋಣ’ ಎಂಬ ಉಪಸಂಹಾರ. ಕೆಲವರು ಎರಡು ಪುಟವನ್ನು ಒಂದೇ ಪ್ಯಾರಾದಲ್ಲಿ ಬರೆಯುತ್ತಾರೆ, ಉಳಿದವರು ಎರಡೆರಡು ಸಾಲಿಗೆ ಹೊಸ ಪ್ಯಾರಾ ಮಾಡುತ್ತಾರೆ. ವಾರಕ್ಕೆ ಒಂದು ಪೀರಿಯಡ್ ಬರವಣಿಗೆಗೆ ಬಿಡಬಹುದು. ಹೇಗೆ ಬಳಸಲಿ? 70 ಪ್ರತಿ ತಿದ್ದುವುದಕ್ಕೂ ಉಪಾಯ ಬೇಕು.

ಕೆಂಪುಶಾಯಿ:
ಸರ್, ಮೊದಲು ವಿಷಯ ಬದಲಿಸಿ. ‘ನೀರಿನ ಸಂರಕ್ಷಣೆ’ ಬರೀ ತಲೆಬರಹ. ಅದರಲ್ಲಿ ಉತ್ತರ ಕೊಡುವಂಥದ್ದು ಏನೂ ಇಲ್ಲ, ಹಾಗಾಗಿ ಮಕ್ಕಳು ಉಪದೇಶಕ್ಕೆ ಇಳಿಯುತ್ತಾರೆ. ಪ್ರಶ್ನೆ ಕೊಡಿ. ನಿಮ್ಮ ಊರಿನ ಪಕ್ಕದಲ್ಲೇ ತುಂಗಭದ್ರಾ ಡ್ಯಾಂ ಇದೆ: ‘2024ರಲ್ಲಿ ಒಂದು ಗೇಟು ಕೆಟ್ಟರೆ ಉಳಿದ ಗೇಟುಗಳನ್ನೂ ಯಾಕೆ ತೆರೆಯಬೇಕಾಯಿತು?’

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ‘ನೀರು ಅಮೂಲ್ಯವಾದದ್ದು. ತುಂಗಭದ್ರಾ ಅಣೆಕಟ್ಟು ರೈತರ ಜೀವನಾಡಿ. ಗೇಟು ಮುರಿದು ನೀರು ಪೋಲಾಯಿತು. ಸರ್ಕಾರ ಎಚ್ಚೆತ್ತುಕೊಳ್ಳಬೇಕು.’ ನಾಲ್ಕು ವಾಕ್ಯ ನಾಲ್ಕು ದಿಕ್ಕಿಗೆ ಓಡುತ್ತಿವೆ. ಇದನ್ನು ಬೋರ್ಡಿನ ಎಡಗಡೆ ಬರೆದು, ಬಲಗಡೆ ಇದನ್ನು ಬರೆಯಿರಿ:

‘ತುಂಗಭದ್ರಾ ಜಲಾಶಯದಲ್ಲಿ ಕೆಟ್ಟದ್ದು ಒಂದೇ ಗೇಟು, ನೀರು ಬಿಟ್ಟದ್ದು ಎಲ್ಲ ಗೇಟುಗಳಿಂದ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಜಲಾಶಯ ತುಂಬಿತ್ತು. ಅಷ್ಟು ಒತ್ತಡವಿರುವಾಗ ಗೇಟು ಕೊಚ್ಚಿಹೋದ ಜಾಗವನ್ನು ಮುಚ್ಚುವುದು ಕಷ್ಟ. ಹಾಗಾಗಿ ನೀರಿನ ಮಟ್ಟ ಇಳಿಸಲು ಉಳಿದ 32 ಗೇಟುಗಳನ್ನೂ ತೆರೆದರು. ವಾರದ ಹೊತ್ತಿಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಹರಿವನ್ನು ತಡೆದರೂ, ಅಷ್ಟರಲ್ಲಿ ಬೆಳೆಗೆಂದು ನಿಂತಿದ್ದ ನೀರು ಬಹಳಷ್ಟು ನದಿಗೆ ಇಳಿದಿತ್ತು.’

ಈಗ ಒಂದೊಂದೇ ವಾಕ್ಯಕ್ಕೆ ಕೈಯಿಟ್ಟು, ‘ಇದರ ಕೆಲಸ ಏನು?’ ಅಂತ ಕೇಳಿ. ಮೊದಲನೆಯದು ಪ್ಯಾರಾದ ಮುಖ್ಯ ಮಾತು, ಎರಡನೆಯದು ಸಂಗತಿ, ಮೂರನೆಯದು ಕಾರಣ, ನಾಲ್ಕನೆಯದು ಕ್ರಮ, ಐದನೆಯದು ಪರಿಣಾಮ. ಒಂದನ್ನು ಕೈಯಿಂದ ಮುಚ್ಚಿ ಓದಿಸಿ. ಮೂರನೆಯದನ್ನು ಮುಚ್ಚಿದರೆ ನಾಲ್ಕನೆಯದರ ‘ಹಾಗಾಗಿ’ ಅಂತರಪಿಶಾಚಿಯಾಗುತ್ತದೆ. ಎಡಗಡೆಯದರಲ್ಲಿ ಯಾವ ವಾಕ್ಯ ಮುಚ್ಚಿದರೂ ಏನೂ ಕಡಿಮೆಯಾಗುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಮೇಲೆ ವಿವರಣೆ ಹೆಚ್ಚು ಬೇಡ.

ಮುಂದಿನ ಮೂರ್ನಾಲ್ಕು ವಾರ ಪ್ಯಾರಾ ಮಾತ್ರ. ಪ್ರತಿ ಸಲ ಆರರಿಂದ ಎಂಟು ವಾಕ್ಯ, 80–100 ಪದ, ತರಗತಿಯಲ್ಲೇ ಕೈಬರಹದಲ್ಲಿ, 20 ನಿಮಿಷ. ಮನೆಗೆ ಕೊಟ್ಟರೆ ಗೈಡಿನದ್ದೋ ಚಾಟ್‌ಜಿಪಿಟಿಯದ್ದೋ ಬರುತ್ತದೆ.

ಪದಚ್ಛೇದ:
ಮೇಲಿನದು ಸರಿ. ವಾಕ್ಯದ ಮಟ್ಟದಲ್ಲಿ ಮೂರು ರೋಗ ಸೇರಿಸುತ್ತೇನೆ.

ಒಂದು, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ 25 ಪದ ದಾಟಿದರೆ ಅಲ್ಲಿಗೆ ತಲುಪುವಷ್ಟರಲ್ಲಿ ಕರ್ತೃ ಯಾರೆಂಬುದೇ ಮರೆತಿರುತ್ತದೆ. ‘ರೈತರು ... ಮಾಡುತ್ತದೆ’ ಎಂಬಂಥ ತಪ್ಪು ವ್ಯಾಕರಣ ಗೊತ್ತಿಲ್ಲದ್ದರಿಂದ ಬರುವುದು ಕಡಿಮೆ, ಉದ್ದದಿಂದ ಬರುವುದೇ ಹೆಚ್ಚು. ಕರ್ತೃವಿಗೂ ಕ್ರಿಯಾಪದಕ್ಕೂ ಅಡಿಗೆರೆ ಹಾಕಿಸಿ, ಹೊಂದದಿದ್ದರೆ ವಾಕ್ಯವನ್ನು ಎರಡು ಮಾಡಿಸಿ.

ಎರಡು, ‘ಬಂದು’, ‘ಮಾಡಿ’, ‘ನೋಡಿ’. ‘ನಿಲ್ದಾಣಕ್ಕೆ ಬಂದು ಬಸ್ಸು ಹೊರಟುಹೋಗಿತ್ತು’ ಅಂತ ಬರೆದರೆ ಬಂದದ್ದೂ ಬಸ್ಸೇ ಆಗುತ್ತದೆ. ‘ನಾವು ನಿಲ್ದಾಣಕ್ಕೆ ಬರುವಷ್ಟರಲ್ಲಿ’ ಆಗಬೇಕು.

ಮೂರು, ಬಾಲ: ‘ಎಂದು ಹೇಳಬಹುದಾಗಿದೆ’, ‘ಎಂಬುದನ್ನು ನಾವು ಕಾಣಬಹುದು’. ಇದು ನೋಟ್ಸ್ ಬರೆಸುವ ನಮ್ಮಿಂದಲೇ ಅಂಟಿದ್ದು. ಹೊಡೆದುಹಾಕಿ ಓದಿಸಿ, ಅರ್ಥ ಕೆಡುವುದೇ ಇಲ್ಲ.

ಅಲ್ಪಪ್ರಾಣ, ಮಹಾಪ್ರಾಣದ ತಪ್ಪುಗಳನ್ನು ಮೊದಲ ತಿಂಗಳು ಮುಟ್ಟಬೇಡಿ. ಪುಟ ಕೆಂಪಾದರೆ ಹುಡುಗರು ಗೊತ್ತಿರುವ ಹತ್ತು ಪದಗಳಲ್ಲೇ ಬರೆಯಲು ಶುರುಮಾಡುತ್ತಾರೆ.

ಹೊಸಪೇಟೆ ಮೇಷ್ಟ್ರು:
ಧನ್ಯವಾದ. ಆದರೆ ಪರೀಕ್ಷೆಯಲ್ಲಿ ಮೌಲ್ಯಮಾಪಕರು ಪೀಠಿಕೆ, ಉಪಸಂಹಾರ ಇದೆಯಾ ಅಂತಲೇ ನೋಡುತ್ತಾರಲ್ಲ? ತಿದ್ದುವ ವಿಷಯವೂ ಉಳಿಯಿತು.

ಮಾರ್ಜಿನ್:
ಪೀಠಿಕೆ ಇರಲಿ ಸರ್, ಅದರ ಕೆಲಸ ಬದಲಾಗಲಿ. ಮೂರು ವಾಕ್ಯ ಸಾಕು: ಯಾವುದರ ಬಗ್ಗೆ, ಪ್ರಶ್ನೆ ಏನು, ನನ್ನ ಉತ್ತರ ಏನು. ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಶುರುವನ್ನು ತರಗತಿಯಲ್ಲಿ ನಿಷೇಧಿಸಿಬಿಡಿ. ಪೀಠಿಕೆಯನ್ನು ಕೊನೆಗೆ ಬರೆಸಿ, ಮೇಲೆ ಐದು ಸಾಲು ಜಾಗ ಬಿಟ್ಟು ಒಡಲಿನಿಂದ ಶುರುಮಾಡಲಿ. ಉತ್ತರ ಏನೆಂದು ಬರೆಯುತ್ತಾ ಗೊತ್ತಾಗುವುದೇ ಹೆಚ್ಚು.

ತಿದ್ದುವುದಕ್ಕೆ ಹೀಗೆ ಮಾಡಬಹುದು. ವಾರಕ್ಕೆ ಒಂದೇ ಅಂಶ ತಿದ್ದಿ. ಮೊದಲ ವಾರ ಮುಖ್ಯ ವಾಕ್ಯ ಇದೆಯಾ ಅನ್ನುವುದು ಮಾತ್ರ, ಮುಂದಿನ ವಾರ ಕಾರಣ ಇದೆಯಾ ಅನ್ನುವುದು ಮಾತ್ರ. ಒಂದು ಪ್ರತಿಗೆ ಒಂದೂವರೆ ನಿಮಿಷ ಹಿಡಿದರೆ 70ಕ್ಕೆ ಪೌಣೆ ಎರಡು ಗಂಟೆ. ತಪ್ಪನ್ನು ನೀವೇ ಸರಿಪಡಿಸಬೇಡಿ, ಅಂಚಿನಲ್ಲಿ ಗುರುತು ಹಾಕಿ: ‘ಮು’ ಅಂದರೆ ಮುಖ್ಯ ಮಾತು ಕಾಣುತ್ತಿಲ್ಲ, ‘ಕಾ’ ಅಂದರೆ ಕಾರಣ ಬೇಕು, ‘ಯಾ’ ಅಂದರೆ ‘ಇದು’, ‘ಅದು’ ಯಾವುದು ಅಂತ ಗೊತ್ತಾಗುತ್ತಿಲ್ಲ. ಅವರೇ ತಿದ್ದಿ ಮತ್ತೆ ಬರೆಯಲಿ. ಎರಡನೇ ಪ್ರತಿಗೆ ಮಾತ್ರ ಅಂಕ ಕೊಡಿ. ಮೊದಲನೆಯದಕ್ಕೇ ಕೊಟ್ಟರೆ ಅಂಕ ನೋಡಿ ಹಾಳೆ ಮಡಚಿಡುತ್ತಾರೆ.

ಅಕ್ಕಪಕ್ಕದವರಿಂದ ಓದಿಸುವುದಾದರೆ ‘ಹೇಗಿದೆ?’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಎರಡು ಕೆಲಸ ಕೊಡಿ: ಇಡೀ ಪ್ಯಾರಾ ಹೇಳುವುದನ್ನು ಒಂದು ವಾಕ್ಯದಲ್ಲಿ ಬರೆಯುವುದು, ‘ಯಾಕೆ?’ ಅಂತ ಕೇಳಬೇಕೆನಿಸಿದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು. ಆ ಒಂದು ವಾಕ್ಯ ನೋಡಿ ಬರೆದವರೇ ‘ನಾನು ಹೇಳಿದ್ದು ಇದಲ್ಲ’ ಅಂದರೆ ತಿದ್ದುವ ಕೆಲಸ ಅರ್ಧ ಮುಗಿಯಿತು.

ಕೆಂಪುಶಾಯಿ:
ಪ್ರಬಂಧಕ್ಕೆ ಹೋಗುವಾಗ ಇನ್ನೊಂದು. ಬರೆದು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಅದರ ಸಾರವನ್ನು ಆರೇಳು ಪದದಲ್ಲಿ ಬರೆಸಿ, ಬರೀ ಆ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿಸಿ. ಎರಡು ಸಾಲು ಒಂದೇ ಆಗಿದ್ದರೆ ಪ್ಯಾರಾಗಳನ್ನು ಸೇರಿಸಬೇಕು. ಒಂದು ಪ್ಯಾರಾಕ್ಕೆ ಎರಡು ಸಾರ ಬಂದರೆ ಒಡೆಯಬೇಕು. ಅದಲುಬದಲು ಮಾಡಿದರೂ ವ್ಯತ್ಯಾಸ ಕಾಣದಿದ್ದರೆ ಅದು ಪ್ರಬಂಧವಲ್ಲ, ಪಟ್ಟಿ. ಮೊದಲ ಪ್ರಬಂಧಕ್ಕೆ ನಾಲ್ಕು ಪ್ಯಾರಾ, 350–400 ಪದ ಸಾಕು.

ಪದಚ್ಛೇದ:
ಒಂದು ತಕರಾರು: ಮುಖ್ಯ ವಾಕ್ಯ ಮೊದಲೇ ಬರಬೇಕೆಂಬುದನ್ನು ಶಾಸನ ಮಾಡಬೇಡಿ. ವಾದ ಮಾಡುವ ಪ್ರಬಂಧಕ್ಕೆ ಅದು ಸರಿ, ಲಲಿತ ಪ್ರಬಂಧಕ್ಕೆ ಹೊಂದುವುದಿಲ್ಲ. ನಿಮ್ಮ ಪಠ್ಯದಲ್ಲಿ ಲಲಿತ ಪ್ರಬಂಧವೂ ಇದ್ದರೆ ಹುಡುಗರು ಅದನ್ನೇ ಮಾದರಿಯೆಂದುಕೊಂಡು ಹರಟೆಗೆ ಇಳಿಯುತ್ತಾರೆ. ಎರಡೂ ಬೇರೆ ಅಂತ ಮೊದಲ ದಿನವೇ ಹೇಳಿಬಿಡಿ.