ಮನೇಲಿ ಕಟ್ಟಿದ ಮಿಡಿ ಸೀಕ್ವೆನ್ಸರ್: ಲಯ ಇಳಿಸಿದ್ರೆ ಹುಚ್ಚು ಹಿಡಿದ ಹಾಗೆ ಓಡುತ್ತೆ, ಯಾಕೆ?

ಸಾಗರದ_ಪ್ಯಾಡು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಹಗಲು ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿದೀನಿ, ಗಣಪತಿ ಸೀಸನ್ ಬಂದ್ರೆ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡು ಬಾರಿಸ್ತೀನಿ. ಬೆಸುಗೆ ಕೆಲಸ ಕಣ್ಣು ಮುಚ್ಚಿಕೊಂಡು ಬರುತ್ತೆ. ಕೋಡ್ ಅಂದ್ರೆ ಕಣ್ಣು ಬಿಟ್ಕೊಂಡ್ರೂ ಕತ್ತಲೆ. ಆದ್ರೂ ಕಳೆದ ಮಳೆಗಾಲದಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಒಂದು ಸೀಕ್ವೆನ್ಸರ್, ಅಂದ್ರೆ ಗುಂಡಿ ಒತ್ತಿ ಕೂರಿಸಿದ ಠೇಕಾನ ತಾನೇ ಸುತ್ತಿ ಸುತ್ತಿ ನುಡಿಸೋ ಪೆಟ್ಟಿಗೆ, ಕಟ್ಟೋಕೆ ಕೂತೆ. ನಮ್ಮ ಗಾಯಕಿ ಹಾಡೋ ಭಾವಗೀತೆಗಳಲ್ಲಿ ಅರ್ಧಕ್ಕರ್ಧ ಏಳು ಮಾತ್ರೆಯವು. ನಮ್ಮ ಕೀಬೋರ್ಡಿನ ಒಳಗೆ ಇರೋ ಠೇಕಾಗಳೆಲ್ಲ ನಾಲ್ಕರವು, ಮೂರರವು. 16 ಹೆಜ್ಜೆಯ ಡಬ್ಬಿಯಲ್ಲಿ, ಮಾತ್ರೆಗೆ ಎರಡು ಹೆಜ್ಜೆಯಂತೆ, ತಕಿಟ ತಕಧಿಮಿ ಕೂರಿಸೋಕೆ ಹೋದ್ರೆ ಎರಡು ಹೆಜ್ಜೆ ಬಾಲದ ಹಾಗೆ ಹಿಂದೆ ನೇತಾಡುತ್ತೆ. ಎಷ್ಟು ಹೆಜ್ಜೆಗೆ ವಾಪಸ್ ಸಮಕ್ಕೆ ಬರಬೇಕು ಅಂತ ನಾನೇ ಹೇಳೋ ಪೆಟ್ಟಿಗೆ ಬೇಕಿತ್ತು.

ಒಳಗಿರೋದು ಇಷ್ಟು: ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು. 16 ಗುಂಡಿ ಓದೋಕೆ 74ಎಚ್‌ಸಿ165 ಚಿಪ್ಪು ಎರಡು, 16 ಎಲ್‌ಇಡಿ ಹಚ್ಚೋಕೆ 74ಎಚ್‌ಸಿ595 ಎರಡು. ಲಯ ಬದಲಿಸೋಕೆ ತಿರುಗಿಸೋ ಗುಂಡಿ, ಅಂದ್ರೆ ರೋಟರಿ ಎನ್‌ಕೋಡರು, ಸಂಖ್ಯೆ ತೋರಿಸೋಕೆ 128ಕ್ಕೆ 64ರ ಚಿಕ್ಕ ಓಎಲ್‌ಇಡಿ ಪರದೆ. ಎಲ್ಲ ಎಸ್.ಪಿ. ರೋಡಿಂದ ತಂದದ್ದು, ಬೆಳಿಗ್ಗೆ ಬೆಂಗಳೂರು, ರಾತ್ರಿ ಬಸ್ಸಿಗೆ ವಾಪಸ್. ಕವಚಕ್ಕೆ ಅಂಗಡಿ ಮೂಲೇಲಿ ಬಿದ್ದಿದ್ದ ಸತ್ತ ಸೆಟ್‌ಟಾಪ್ ಬಾಕ್ಸ್. ಅದರ ಮುಚ್ಚಳಕ್ಕೆ 16 ತೂತು ಕೊರೆಯೋದ್ರಲ್ಲೇ ಒಂದು ಭಾನುವಾರ ಹೋಯ್ತು, ಒಂದು ಸಾಲು ಇವತ್ತಿಗೂ ಸೊಟ್ಟ.

ಮಿಡಿ ಔಟ್ (ಯಾವ ಸ್ವರ ಯಾವಾಗ ನುಡಿಸಬೇಕು ಅಂತ ಕೀಬೋರ್ಡಿಗೆ ಹೇಳೋ ತಂತಿ) ಬರೀ ಎರಡು 220 ಓಮ್ ರೆಸಿಸ್ಟರ್ ಕೆಲಸ ಅಂದ್ಕೊಂಡಿದ್ದೆ. 4ನೇ ಪಿನ್ನಿಗೆ 5 ವೋಲ್ಟ್, 5ನೇ ಪಿನ್ನಿಗೆ ಊನೋದಿಂದ ಡೇಟಾ ಹೊರಗೆ ಬರೋ ಟಿಎಕ್ಸ್, 2ಕ್ಕೆ ಗ್ರೌಂಡ್. ಎರಡು ರಾತ್ರಿ ಕೀಬೋರ್ಡು ಕಮಕ್ ಕಿಮಕ್ ಅನ್ನಲಿಲ್ಲ. ಆಮೇಲೆ ನೋಡಿದ್ರೆ ಆ ಗುಂಡನೆ ಸಾಕೆಟ್ಟಿನ ಪಿನ್ನುಗಳು 1, 2, 3 ಅಂತ ಸಾಲಾಗಿ ಇಲ್ಲವೇ ಇಲ್ಲ. 1, 4, 2, 5, 3! ಅದೂ ಮುಂದಿನಿಂದ ನೋಡಿದ್ರೆ ಒಂದು, ಬೆಸುಗೆ ಹಾಕೋ ಕಡೆಯಿಂದ ನೋಡಿದ್ರೆ ಕನ್ನಡಿ. 4 ಮತ್ತು 5 ಅದಲು ಬದಲು ಆಗಿತ್ತು. ಯಾವ ಪುಣ್ಯಾತ್ಮ ಹೀಗೆ ಎಣಿಸಿದನೋ.

ಈಗ ಅಸಲಿ ತೊಂದರೆ. ಮಿಡಿ ಕ್ಲಾಕಿನ ಹಾಗೆ ಮಾತ್ರೆಗೆ 24 ಟಿಕ್ ಇಟ್ಟು ಊನೋ ಒಳಗೆ ಎಣಿಸ್ತಾ ಇರೋ ಟೈಮರ್1ರಿಂದ ಇಂಟರಪ್ಟ್ (ಮಾಡ್ತಿರೋ ಕೆಲಸ ಬಿಡಿಸಿ ಕರೆಯೋ ಸೂಚನೆ) ತಗೊಂಡಿದೀನಿ, ಪ್ರೀಸ್ಕೇಲರ್ (ಚಿಪ್ಪಿನ ವೇಗವನ್ನ ಭಾಗಿಸೋ ಅಂಕಿ) 8. ಪ್ರತಿ ಟಿಕ್ಕಿಗೂ ಕ್ಲಾಕ್ ಬೈಟ್ ಕಳಿಸ್ತೀನಿ, 12 ಟಿಕ್ಕಿಗೆ ಒಂದು ಹೆಜ್ಜೆ, 14 ಹೆಜ್ಜೆಗೆ ಏಳು ಮಾತ್ರೆ. ಲಯ ನಿಮಿಷಕ್ಕೆ 120, 100, 80 ಮಾತ್ರೆ ಇಟ್ರೆ ಎಲ್ಲ ಗಡಿಯಾರದ ಹಾಗೆ ನಡೆಯುತ್ತೆ. 77ರವರೆಗೂ ಸರಿ. 76ಕ್ಕೆ ಇಳಿಸಿದ ಕೂಡಲೇ ಒಂದೇ ಸಮ ಗುಂಯ್ ಅಂತ ಕಿರುಚುತ್ತೆ. ನಿಧಾನ ಮಾಡು ಅಂದ್ರೆ ಓಡುತ್ತಲ್ಲ! ನಮ್ಮ ಗಾಯಕಿಗೆ ಬೇಕಿರೋದು 62. ಮೊದಲ ದಿನ ಕೇಳಿ "ಇದಕ್ಕೆ ಮೈಮೇಲೆ ಬಂದಿದೆ, ಕುಂಕುಮ ಹಚ್ಚಿ" ಅಂದ್ರು.

ಇನ್ನೊಂದು ಸಣ್ಣದು: ನಿಲ್ಲಿಸೋ ಗುಂಡಿ ಒತ್ತಿದ್ರೆ ಡ್ರಂ ನಿಲ್ಲುತ್ತೆ, ಶ್ರುತಿಗೆ ಇಟ್ಟಿರೋ ಸ-ಪ ಮಾತ್ರ ಕೀಬೋರ್ಡ್ ಆಫ್ ಮಾಡೋವರೆಗೂ ನಿಲ್ಲಲ್ಲ.

ಬೇಗ_ಮುಗಿಸಿ

ಇಷ್ಟೆಲ್ಲ ಯಾಕೆ ಸಾರ್? ಫೋನಲ್ಲಿ ಆ್ಯಪ್ ಹಾಕ್ಕೊಳ್ಳಿ, ಏಳು ಮಾತ್ರೆ ಏನು ಎಪ್ಪತ್ತು ಮಾತ್ರೆನೂ ಸಿಗುತ್ತೆ.

ಸಾಗರದ_ಪ್ಯಾಡು

ದಿನಾ 20 ಫೋನ್ ಬಿಚ್ತೀನಿ ಸಾರ್. ಸಂಜೆಗೂ ಫೋನೇ ಮುಟ್ಟು ಅಂದ್ರೆ ಹೇಗೆ? ಮಧ್ಯ ಹಾಡಲ್ಲಿ ಸೋದರಮಾವನ ಕಾಲ್ ಬರೋದು ಬೇರೆ.

ಕಡಲಬದಿ

ಮಾರಾಯ್ರೆ, ನಿಮ್ಮ ಸೊಟ್ಟ ಸಾಲಿನ ಫೋಟೋ ಹಾಕಿ ಒಮ್ಮೆ, ನನ್ನದಕ್ಕಿಂತ ಸೊಟ್ಟ ಉಂಟಾ ನೋಡುವ.

ನಿಮ್ಮ ವಿವರ ಓದಿದಾಗ ನನಗೆ ಮೊದಲು ಸಂಶಯ ಬಂದದ್ದು ಆ ಓಎಲ್‌ಇಡಿಯ ಮೇಲೆ. ಇಡೀ ಪರದೆ ಅಂದರೆ 1024 ಬೈಟು. ಊನೋದಲ್ಲಿ ಇರುವ ರ‍್ಯಾಮೇ 2 ಕೆಬಿ, ಅದರಲ್ಲಿ ಅರ್ಧ ಅಲ್ಲೇ ಹೋಯಿತು. ಪರದೆಗೆ ಡೇಟಾ ಕಳಿಸುವ ಐ2ಸಿ ತಂತಿ 100 ಕಿಲೋಹರ್ಟ್ಸಿನಲ್ಲಿ ಓಡುತ್ತಾ ಇದ್ದರೆ ಪರದೆಯನ್ನು ಒಮ್ಮೆ ಪೂರ್ತಿ ಬರೆಯಲು 90 ಮಿಲಿಸೆಕೆಂಡಿಗೂ ಜಾಸ್ತಿ ಬೇಕು. 120ರ ಲಯದಲ್ಲಿ ನಿಮ್ಮ ಒಂದು ಟಿಕ್ ಎಂದರೆ 20.8 ಮಿಲಿಸೆಕೆಂಡು. ಪರದೆ ಬರೆದು ಮುಗಿಯುವಾಗ ನಾಲ್ಕು ಟಿಕ್ ದಾಟಿ ಹೋಗಿರುತ್ತದೆ. ಇಂಟರಪ್ಟಿನಲ್ಲಿ ನೀವು "ಟಿಕ್ ಬಂತು" ಎಂದು ಬರೇ ಒಂದು ಬಾವುಟ ಎತ್ತುತ್ತಿದ್ದರೆ ಆ ನಾಲ್ಕರಲ್ಲಿ ಮೂರು ಕಳೆದೇ ಹೋದವು. ಬಾವುಟ ಬೇಡ, ಎಣಿಕೆ ಇಡಿ. ಆಗ ತಡವಾದರೂ ಲೆಕ್ಕ ತಪ್ಪುವುದಿಲ್ಲ. ಪರದೆಯಲ್ಲಿ ಸಂಖ್ಯೆ ಇರುವ ಮೂಲೆಯನ್ನು ಮಾತ್ರ ಬರೆಯಿರಿ, ಅದೂ ಸಂಖ್ಯೆ ಬದಲಾದಾಗ ಮಾತ್ರ.

ಸ-ಪ ನಿಲ್ಲದಿರುವುದು ಸುಲಭ. ನೋಟ್ ಆನ್ ಕಳಿಸಿದ್ದೀರಿ, ನೋಟ್ ಆಫ್ ಕಳಿಸುವ ಸರದಿ ಬರುವ ಮೊದಲೇ ನಿಲ್ಲಿಸಿದಿರಿ. ಪಾಪ ಕೀಬೋರ್ಡಿಗೆ ಎಂತ ಗೊತ್ತು, ನೀವು ಬೆರಳು ಎತ್ತಲಿಲ್ಲ ಅಂತ ಅದು ತಿಳಿದುಕೊಂಡಿದೆ. ಮಿಡಿಯ 123ನೇ ಕಂಟ್ರೋಲರ್ ಸಂದೇಶ ಕಳಿಸಿದರೆ ಎಲ್ಲ ನೋಟು ಆಫ್ ಆಗಬೇಕು ಎಂದು ನಿಯಮ ಉಂಟು, ಆದರೆ ಎಲ್ಲ ಯಂತ್ರಗಳೂ ಅದಕ್ಕೆ ಕಿವಿ ಕೊಡುವುದಿಲ್ಲ. ಯಾವ ಯಾವ ಸ್ವರ ಈಗ ಮೊಳಗುತ್ತಿದೆ ಎಂದು ಒಂದು ಸಣ್ಣ ಪಟ್ಟಿ ಇಟ್ಟುಕೊಂಡು, ನಿಲ್ಲಿಸುವಾಗ ಒಂದೊಂದಕ್ಕೂ ಆಫ್ ಕಳಿಸುವುದೇ ಒಳ್ಳೆಯದು.

76ರ ಸಂಗತಿ ಮಾತ್ರ ವಿಚಿತ್ರ. ಪರದೆ ಕಳಚಿ ಒಮ್ಮೆ ನೋಡಿ.

ಸಾಗರದ_ಪ್ಯಾಡು

ಕಡಲಬದಿಯವರೇ, ಸ-ಪ ನಿಂತಿತು! ಬಾವುಟದ ಬದಲು ಎಣಿಕೆನೂ ಹಾಕಿದೆ. ಪರದೆ ಬಿಚ್ಚಿಟ್ಟು ನೋಡಿದೆ, 76ರ ಭೂತ ಅಲ್ಲೇ ಇದೆ.

ಆದ್ರೆ ಪರದೆ ಇಲ್ಲದೆ ಕೂತು ಗಮನಿಸಿದಾಗ ಒಂದು ವಿಷಯ ಗೊತ್ತಾಯ್ತು. ಕೆಳಗೆ ಇಳಿಸ್ತಾ ಹೋದ ಹಾಗೆ ಹುಚ್ಚು ಕಡಿಮೆ ಆಗುತ್ತೆ. ಕೀಬೋರ್ಡಿನ ಸದ್ದು ಫೋನಲ್ಲಿ ರೆಕಾರ್ಡ್ ಮಾಡಿ ಒಂದು ಆವರ್ತದ ಉದ್ದ ಅಳೆದೆ. 70ಕ್ಕೆ ಇಟ್ರೆ ಏಳು ಮಾತ್ರೆಗೆ 6 ಸೆಕೆಂಡ್ ಬೇಕು, ಅರ್ಧ ಸೆಕೆಂಡಿಗೇ ಮುಗಿಸಿಬಿಡುತ್ತೆ. 60ಕ್ಕೆ ಇಟ್ರೆ 7 ಸೆಕೆಂಡ್ ಬೇಕು, ತಗೊಳ್ಳೋದು ಒಂದೂವರೆ. 50ಕ್ಕೆ 8.4 ಬೇಕಾದ ಕಡೆ 2.9. 40ಕ್ಕೆ 10.5ರ ಬದಲು 5. ಹಾಗೇ ಸಮಾಧಾನಕ್ಕೆ ಬರ್ತಿದೆ ಅಂದ್ಕೊಂಡು 39 ಮಾಡಿದೆ, ಇನ್ನೂ ನಿಧಾನ. 38 ಮಾಡಿದೆ, ಮತ್ತೆ ಗುಂಯ್!

ಕುಂಕುಮ ತರಿಸಲಾ?

ಧಾರವಾಡದ_ಮಳಿ

ಕುಂಕುಮ ಬ್ಯಾಡ್ರೀ ಸರ, ನೀವ ಉತ್ತರ ಬರದೀರಿ, ನೋಡಿಲ್ಲ ಅಷ್ಟ. 76ಕ್ಕ ಒಮ್ಮೆ, ಅದರ ಅರ್ಧಾ 38ಕ್ಕ ಮತ್ತೊಮ್ಮೆ ಅದ ಹುಚ್ಚು. ಹಿಂಗ ಸರಿಯಾಗಿ ಅರ್ಧಕ್ಕ ಬಂದು ಮತ್ತ ಹಿಡೀತದ ಅಂದ್ರ ಎಲ್ಲೋ ಒಂದು ಡಬ್ಬಿ ತುಂಬಿ ಚೆಲ್ಲಲಿಕ್ಕತ್ತದ ಅಂತ ಅರ್ಥ.

ಊನೋ 16 ಮೆಗಾಹರ್ಟ್ಸಿಂದು. ಪ್ರೀಸ್ಕೇಲರ್ 8 ಅಂದ್ರ ಟೈಮರಿನ ಒಂದೊಂದು ಎಣಿಕೆ ಅರ್ಧ ಮೈಕ್ರೋಸೆಕೆಂಡು. ಟೈಮರ್1 ಅನ್ನೋದು 16 ಬಿಟ್ಟಿಂದು, ಅದಕ್ಕ ಬರೋದು 65,536 ಎಣಿಕಿ ಮಾತ್ರ. ಅಂದ್ರ ಹೆಚ್ಚಂದ್ರ 32.768 ಮಿಲಿಸೆಕೆಂಡಿನ ಟಿಕ್. ಅದನ್ನ 24ರಿಂದ ಗುಣಿಸ್ರಿ, ಮಾತ್ರೆಗೆ 786 ಮಿಲಿಸೆಕೆಂಡು ಆತು. ಲಯದ ಲೆಕ್ಕದಾಗ 76.29. ನಿಮ್ಮ ಭೂತದ ಮನಿ ವಿಳಾಸ ಅದ.

ನಿಮಗ ತಾಳದ ಭಾಷಾದಾಗ ಹೇಳ್ತೀನಿ. 60ರ ಲಯಕ್ಕ ನೀವು ಟೈಮರಿಗೆ "83,333ನೇ ಅಕ್ಷರಕ್ಕ ಚಪ್ಪಾಳಿ ಹೊಡಿ" ಅಂತೀರಿ. ಅದಕ್ಕ ಗೊತ್ತಿರೋ ತಾಳದ ಆವರ್ತನ 65,536 ಅಕ್ಷರದ್ದು. ಅಷ್ಟು ಕಳದು, ಉಳದ 17,797ಕ್ಕ ಹೊಡದು ಬಿಡ್ತದ. ಅದು 8.9 ಮಿಲಿಸೆಕೆಂಡು, ಲಯ 281. ಏಳು ಮಾತ್ರೆಗೆ ಒಂದೂವರೆ ಸೆಕೆಂಡು. ನೀವು ಅಳದದ್ದ ಅದ ಹೌದಲ್ರಿ? 76ಕ್ಕ ಚೆಲ್ಲಿ ಉಳಿಯೋದು ಬರೇ 253 ಎಣಿಕಿ, 126 ಮೈಕ್ರೋಸೆಕೆಂಡಿಗೊಂದು ಟಿಕ್. ಮಿಡಿ ವೇಗ ಸೆಕೆಂಡಿಗೆ 31,250 ಬಿಟ್, ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಅಂದ್ರ ಒಂದು ಬೈಟ್ ಹೋಗಲಿಕ್ಕ 320 ಮೈಕ್ರೋಸೆಕೆಂಡು ಬೇಕ ಬೇಕು. 126ಕ್ಕೊಂದು ಕ್ಲಾಕ್ ಬೈಟ್ ತುರಕಿದ್ರ ಆ ತಂತಿ ಗುಂಯ್ ಅನ್ನದ ಮತ್ತೇನ ಅಂದೀತು?

ವೇರಿಯೇಬಲ್ ದೊಡ್ಡದು ಮಾಡಿದ್ರ ಉಪಯೋಗ ಇಲ್ಲ, ಟೈಮರ್ ತನ್ನ ಗುರಿ ಸಂಖ್ಯಾ ಇಟ್ಕೊಳ್ಳೋ ರಿಜಿಸ್ಟರ ಸಣ್ಣದು. ಪ್ರೀಸ್ಕೇಲರ್ 64 ಮಾಡ್ರಿ. ಎಣಿಕಿಗೆ 4 ಮೈಕ್ರೋಸೆಕೆಂಡು ಆಗ್ತದ, 60ರ ಲಯಕ್ಕ 10,417 ಹಾಕಿದ್ರ ಸಾಕು. ಹಾಕೋವಾಗ ಒಂದು ಕಳೀರಿ, ಯಾಕಂದ್ರ ಅದು ಸೊನ್ನಿಯಿಂದ ಎಣಿಸ್ತದ. ನಾವು ಒಂದರಿಂದ ಎಣಿಸೋ ಮಂದಿ. 10ರ ಲಯದ ತನಕಾ ಬೇಕಾದ್ರ ಇಳೀರಿ, ಅಷ್ಟು ವಿಲಂಬಿತ್ ನಮ್ಮ ಧಾರವಾಡದಾಗೂ ಯಾರೂ ಹಾಡಂಗಿಲ್ಲ.

ಅಂದಹಾಂಗ, ನಮ್ಮ ಕಡೆ ಹಿಂದೂಸ್ತಾನಿಯೊಳಗ ಏಳು ಮಾತ್ರೆ ಅಂದ ಕೂಡಲೇ ರೂಪಕ ತಾಳ ಅಂತಾರ. ನಿಮ್ಮ ಕಡೆ ಕರ್ನಾಟಕ ಸಂಗೀತದಾಗ ರೂಪಕ ಅಂದ್ರ ಬ್ಯಾರೇನ. ಪ್ಯಾಟರ್ನಿಗೆ ಹೆಸರು ಇಡೋವಾಗ ಜ್ವಾಕಿ.

ಸಾಗರದ_ಪ್ಯಾಡು

ಮಳಿ ಸರ್, ಒಂದು ಅಂಕಿ ಬದಲಿಸಿದೆ, 62ಕ್ಕೆ ಆನೆ ನಡೆದ ಹಾಗೆ ನಡೀತು. ಅಂಗಡಿ ಮುಂದೆ ಚಾರ್ಜರ್ ಕೇಳೋಕೆ ಬಂದವರು ನಿಂತು ಕೇಳಿದ್ರು.

ಆದ್ರೆ ಹೊಸದೊಂದು ಶುರುವಾಗಿದೆ. ಓಡ್ತಾ ಇರುವಾಗ ಲಯ ಏರಿಸಿದ್ರೆ ಕೆಲವೊಮ್ಮೆ ಕಾಲು ಸೆಕೆಂಡು ಉಸಿರು ಕಟ್ಟಿದ ಹಾಗೆ ನಿಂತು, ಆಮೇಲೆ ಮುಂದುವರಿಯುತ್ತೆ. ಇಳಿಸುವಾಗ ಒಂದು ಸಲನೂ ಆಗಿಲ್ಲ. ಹಳೇ ಪ್ರೀಸ್ಕೇಲರಿನಲ್ಲಿ ಇದು ಇರಲಿಲ್ಲ, ದೇವರಾಣೆ.

ಧಾರವಾಡದ_ಮಳಿ

ಆವಾಗೂ ಇತ್ತು ಸರ, ನಿಮ್ಮ ಕಿವಿಗೆ ಬಿದ್ದಿಲ್ಲ.

ಏರಸೋವಾಗ ಗುರಿ ಸಂಖ್ಯಾ ಸಣ್ಣದಾಗ್ತದ. ಟೈಮರ್ ಆಗಲೇ 9,000 ಎಣಿಸಿ ನಿಂತದ, ನೀವು ನಡುವ ಬಂದು "8,000ಕ್ಕ ಹೊಡಿ" ಅಂತೀರಿ. 8,000 ದಾಟಿ ಹೋಗೇದ. ಬಸ್ ತಪ್ಪಿದವರಂಗ ಅದು ಇಡೀ 65,536 ಸುತ್ತಿ ಬಂದು ಹೊಡೀತದ. ಮೊದಲ ಆ ಸುತ್ತು 33 ಮಿಲಿಸೆಕೆಂಡಿನೊಳಗ ಮುಗೀತಿತ್ತು, ಈಗ 262. ನಾ ಕೊಟ್ಟ ಔಷಧದ ಪರಿಣಾಮ ಅದು, ತಪ್ಪು ನಂದು, ಮೊದಲ ಹೇಳಬೇಕಾಗಿತ್ತು.

ಹೊಸ ಸಂಖ್ಯಾ ನೇರ ರಿಜಿಸ್ಟರಿಗೆ ಬರೀಬ್ಯಾಡ್ರಿ. ಒಂದು ವಾಲಟೈಲ್ ವೇರಿಯೇಬಲ್ಲಿನಾಗ (ಇದು ನಡುವ ಬದಲಾಗಬಹುದು ಅಂತ ಕಂಪೈಲರಿಗೆ ಮೊದಲ ಹೇಳಿಟ್ಟದ್ದು) ಇಡ್ರಿ, ಇಂಟರಪ್ಟ್ ಬಂದಾಗ ಅದರೊಳಗಿಂದ ರಿಜಿಸ್ಟರಿಗೆ ಹಾಕ್ರಿ. ಆ ಹೊತ್ತಿಗೆ ಎಣಿಕಿ ಆಗ ಸೊನ್ನಿಗೆ ಬಂದಿರ್ತದ, ತಪ್ಪಿಸಿಕೊಳ್ಳಲಿಕ್ಕೆ ದಾರಿ ಇಲ್ಲ. ಪ್ಯಾಡ್ ಬಾರಸೋರಿಗೆ ಇದನ್ನ ಹೇಳಬೇಕೇನ್ರಿ, ನಡೆ ಬದಲಸೋದು ಸಮಕ್ಕ ಬಂದ ಮ್ಯಾಲ ಅಲ್ಲೇನು? ಮತ್ತ ಅದು ಎರಡು ಬೈಟಿನ ವೇರಿಯೇಬಲ್, ಚಿಪ್ಪು 8 ಬಿಟ್ಟಿಂದು. ಲೂಪಿನಾಗ ಬರಿಯೋವಾಗ ಇಂಟರಪ್ಟ್ ಬಂದ್ ಮಾಡಿ ಬರದು ಚಾಲೂ ಮಾಡ್ರಿ. ಇಲ್ಲಾಂದ್ರ ಅರ್ಧ ಹಳೇದು ಅರ್ಧ ಹೊಸಾದು ಓದಿ ಮತ್ತೊಂದು ಭೂತ.

ಕಡಲಬದಿ

ನಾನು ಪರದೆಗೆ ಬೈದದ್ದು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದನ್ನು ಮರಳಿ ಜೋಡಿಸಿದ ಮೇಲೆ ನೋಡಿ.

ಸಾಗರದ_ಪ್ಯಾಡು

ಜೋಡಿಸಿದೆ. ಸಂಖ್ಯೆಯ ಮೂಲೆ ಮಾತ್ರ ಬರೀತಿದೀನಿ, ನಡಿಗೆ ಎಲ್ಲೂ ಎಡವಲ್ಲ. 62ರಿಂದ 90ರವರೆಗೆ ಏರಿಸಿ ಇಳಿಸಿ ಏರಿಸಿ ಹತ್ತು ನಿಮಿಷ ಗೋಳಾಡಿಸಿದೆ, ಒಂದು ಸಲನೂ ಉಸಿರು ಕಟ್ಟಲಿಲ್ಲ.

ಶುಕ್ರವಾರ ಸಂಜೆ ರಿಹರ್ಸಲ್. ಗಾಯಕಿಗೆ ಏನೂ ಹೇಳಿಲ್ಲ, ಸೆಟ್‌ಟಾಪ್ ಬಾಕ್ಸಿನ ಮೇಲೆ ಸುಮ್ಮನೆ ಒಂದು ಬೊಟ್ಟು ಕುಂಕುಮ ಇಟ್ಟಿದೀನಿ. ಅದರಿಂದಲೇ ಸರಿಹೋಯ್ತು ಅಂದ್ಕೊಳ್ಲಿ.

ಪರದೆ ವಾಪಸ್ ಹಾಕುವಾಗ ಒಂದು 165 ಚಿಪ್ಪನ್ನ ಉಲ್ಟಾ ಕೂರಿಸಿ ಸುಟ್ಟೆ. ಇದ್ದ ಒಂದೇ ಒಂದು ಸ್ಪೇರು ಅದರ ಜಾಗಕ್ಕೆ ಹೋಯ್ತು. ಬೆಂಗಳೂರಿಂದ ಈ ಕಡೆ ಯಾರಾದ್ರೂ ಬರೋರಿದ್ರೆ 74ಎಚ್‌ಸಿ165 ನಾಲ್ಕು ತಂದುಕೊಡಿ, ದಪ್ಪ ಕಾಲಿನದು, ಎಸ್‌ಎಂಡಿ ಬೇಡ. ದುಡ್ಡು ಕೊಡ್ತೀನಿ, ಫೋನ್ ಸ್ಕ್ರೀನ್ ಒಡೆದಿದ್ರೆ ಅದನ್ನೂ ಹಾಕಿಕೊಡ್ತೀನಿ.