ಯಾರೂ ಮನಸ್ಸು ಬದಲಿಸದಿದ್ದರೂ ಗ್ರಾಫ್ ಇಳಿಯುತ್ತಿದೆ: ಫ್ರಾಕ್ಷನಲ್ ಕ್ಯಾಲ್ಕುಲಸ್ ಮಾಡೆಲ್‌ಗೆ ಸಹಾಯ ಬೇಕು

ಸಿಂಧನೂರು_ಎಂಎಸ್ಸಿ:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್ ಕೆಲಸ ನಾಲ್ಕು ದಿನದಿಂದ ಒಂದೇ ಕಡೆ ನಿಂತುಬಿಟ್ಟಿದೆ.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರು ಭತ್ತ ಹಾಕಬೇಕಾ ಹತ್ತಿ ಹಾಕಬೇಕಾ ಅಂತ ಪಕ್ಕದ ಹೊಲದವರನ್ನೂ ನೋಡಿ ತೀರ್ಮಾನ ಮಾಡುತ್ತಾರೆ ಅಲ್ವಾ, ಅದನ್ನೇ 50 ಅಡ್ಡಸಾಲು, 50 ಕಂಬಸಾಲಿನ ಜಾಲ ಮಾಡಿದ್ದೇನೆ. ಒಟ್ಟು 2500 ಜನ, ಒಬ್ಬೊಬ್ಬರಿಗೂ 4 ನೆರೆಯವರು. ಭತ್ತ ಅಂದರೆ +1, ಹತ್ತಿ ಅಂದರೆ -1. ಮನಸ್ಸು ಬದಲಿಸುವ ಮೂಲ ದರ 0.01, ನೆರೆಯವರ ಪ್ರಭಾವ ಕೆ = 1.7. ಇದರಲ್ಲಿ ಒಬ್ಬ ರೈತನ ಸರಾಸರಿ ನಡೆಯನ್ನು ಒಂದೇ ಫ್ರಾಕ್ಷನಲ್ ಸಮೀಕರಣದಲ್ಲಿ ಹಿಡಿಯಬೇಕು, ಅಂದರೆ ಡೆರಿವೇಟಿವ್ (ಬದಲಾವಣೆಯ ದರ) ಒಂದನೇ, ಎರಡನೇ ಅಂತ ಪೂರ್ತಿ ಅಂಕಿಯದ್ದಾಗಿರದೆ ಭಿನ್ನರಾಶಿಯದ್ದಾಗಿರುವ ಸಮೀಕರಣ. ಆ ಅಂಕಿಯೇ ಆಲ್ಫಾ, ನಾನು ಇಟ್ಟಿರುವುದು 0.7. ವಿಧಾನ ಗ್ರುನ್ವಾಲ್ಡ್-ಲೆಟ್ನಿಕೊವ್, ಅಂದರೆ ಹಿಂದಿನ ಎಲ್ಲ ಹೆಜ್ಜೆಗಳ ಬೆಲೆಗೂ ಒಂದೊಂದು ತೂಕ ಕೊಟ್ಟು ಕೂಡಿಸುವುದು. ಕೋಡ್ ಪೈಥಾನ್‌ನಲ್ಲಿ.

ತೊಂದರೆ ಎರಡು. 171ನೇ ಹೆಜ್ಜೆಗೆ ಬಂದ ಕೂಡಲೇ 'ಮ್ಯಾಥ್ ರೇಂಜ್ ಎರರ್' ಬಂದು ಪ್ರೋಗ್ರಾಂ ನಿಲ್ಲುತ್ತದೆ. ಅದಕ್ಕಿಂತ ಮುಂಚಿನ ಗ್ರಾಫ್ ಕೂಡ ಸರಿ ಇಲ್ಲ, 1ರಿಂದ ಶುರುವಾಗಿ ದಬಕ್ಕನೆ ಬೀಳುತ್ತದೆ. ಹೆಜ್ಜೆಯ ಅಳತೆ ಸಣ್ಣದು ಮಾಡಿದರೆ ಸರಿಹೋಗಬೇಕಿತ್ತು, ಆದರೆ ಇನ್ನೂ ಬೇಗ ಬೀಳುತ್ತಿದೆ.

ಕೊಪ್ಪಳ_ಕೋಡ್:
ಮೊದಲನೆಯದು ಸುಲಭ. ತೂಕಗಳನ್ನು ಗಾಮಾ ಫಂಕ್ಷನ್ (ಫ್ಯಾಕ್ಟೋರಿಯಲ್‌ನ ವಿಸ್ತರಿಸಿದ ರೂಪ) ಹಾಕಿ ಲೆಕ್ಕ ಮಾಡಿದ್ದೀರಿ ಅನ್ನಿಸುತ್ತದೆ. 172ರ ಗಾಮಾ ಅಂದರೆ 171 ಫ್ಯಾಕ್ಟೋರಿಯಲ್, ಸಾಮಾನ್ಯ ಫ್ಲೋಟ್‌ನಲ್ಲಿ ಅದು ಹಿಡಿಸುವುದಿಲ್ಲ. ಗಾಮಾ ಬಿಟ್ಟುಬಿಡಿ. ಮೊದಲ ತೂಕ 1 ಇಡಿ. ಆಮೇಲೆ ಜೆ-ನೇ ತೂಕ ಬೇಕಾದರೆ ಅದರ ಹಿಂದಿನ ತೂಕವನ್ನು '1 - (1.7 / ಜೆ)' ಇಂದ ಗುಣಿಸಿ. ಈ 1.7 ಅಂದರೆ 1 ಕೂಡಿಸು ಆಲ್ಫಾ, ನಿಮ್ಮ ಕೆ ಅಲ್ಲ. 1, -0.7, -0.105, -0.0455 ಹೀಗೆ ಬರಬೇಕು. ಲಕ್ಷ ಹೆಜ್ಜೆ ಹೋದರೂ ಎರರ್ ಬರುವುದಿಲ್ಲ.

ಬಳ್ಳಾರಿ_ಅಕ್ಕ:
ತಮ್ಮಾ, ಎರಡನೆಯ ತೊಂದರೆಗೆ ಮೊದಲು ಒಂದು ಪರೀಕ್ಷೆ ಮಾಡು. ಸಮೀಕರಣದ ಬಲಗಡೆ ಪೂರ್ತಿ ಸೊನ್ನೆ ಇಡು. ನೆರೆಯವರೂ ಇಲ್ಲ, ದರವೂ ಇಲ್ಲ. ಆಗ ರೈತ 1ರಲ್ಲೇ ಇರಬೇಕು, ಅಲ್ವಾ? ನಿನ್ನ ಕೋಡಿನಲ್ಲಿ 1, 0.7, 0.595, 0.5355 ಅಂತ ಇಳಿಯುತ್ತದೆ ಅಂತ ನನ್ನ ಅಂದಾಜು. ನೋಡಿ ಹೇಳು.

ಸಿಂಧನೂರು_ಎಂಎಸ್ಸಿ:
ಅಕ್ಕಾ, ಅದೇ ಅಂಕಿಗಳು ಬಂದವು! ಕೋಡ್ ನೋಡದೇ ಹೇಗೆ ಹೇಳಿದಿರಿ?

ಬಳ್ಳಾರಿ_ಅಕ್ಕ:
ನಾನೂ ಹಿಂದೆ ಇದರಲ್ಲೇ ಎರಡು ವಾರ ಕಳೆದಿದ್ದೇನೆ.

ಈ ವಿಧಾನವನ್ನು ನೇರವಾಗಿ ಹಾಕಿದರೆ ಸಿಗುವುದು ರೀಮನ್-ಲಿಯೂವಿಲ್ ಡೆರಿವೇಟಿವ್, ಫ್ರಾಕ್ಷನಲ್ ಡೆರಿವೇಟಿವ್‌ನ ಒಂದು ರೂಪ. ಅದರಲ್ಲಿ ಸ್ಥಿರಾಂಕದ ಡೆರಿವೇಟಿವ್ ಸೊನ್ನೆ ಅಲ್ಲ. ಸುಮ್ನೆ ನಿಂತವನನ್ನೂ ಅದು ಇಳಿಸುತ್ತದೆ. ಇಳಿಯುವುದು ಹೆಜ್ಜೆಗಳ ಲೆಕ್ಕದಲ್ಲಿ, ಗಡಿಯಾರದ ಲೆಕ್ಕದಲ್ಲಿ ಅಲ್ಲ. ಅದಕ್ಕೇ ಹೆಜ್ಜೆ ಸಣ್ಣದಾದಷ್ಟೂ ಬೇಗ ಬಿತ್ತು. ನಿನಗೆ ಬೇಕಾಗಿರುವುದು ಕಪುಟೊ ಎಂಬುವವರು 1967ರಲ್ಲಿ ಕೊಟ್ಟ ಇನ್ನೊಂದು ರೂಪ, ಅದರಲ್ಲಿ ಸ್ಥಿರಾಂಕದ ಡೆರಿವೇಟಿವ್ ಸೊನ್ನೆ. ಅದಕ್ಕೆ ಕೋಡ್ ಪೂರ್ತಿ ಬದಲಿಸಬೇಕಿಲ್ಲ. ತೂಕಗಳನ್ನು ಬೆಲೆಗೆ ಹಾಕಬೇಡ, 'ಈಗಿನ ಬೆಲೆ ಕಳೆ ಶುರುವಿನ ಬೆಲೆ' ಎಂಬ ವ್ಯತ್ಯಾಸಕ್ಕೆ ಹಾಕು. ಒಂದೇ ಸಾಲಿನ ಬದಲಾವಣೆ.

ಇನ್ನೊಂದು ಮಾತು. 0.7 ಎಲ್ಲಿಂದ ತಂದೆ? ಆಲ್ಫಾವನ್ನು ನಾವೇ ಇಡುವುದಲ್ಲ, ಜಾಲದಿಂದ ಅಳೆಯಬೇಕು. ನಿನ್ನ ಕೋಡಿನಲ್ಲಿ ಯಾವ ರೈತನಿಗೂ ನೆನಪಿನ ಶಕ್ತಿ ಕೊಟ್ಟಿಲ್ಲ. ಈ ಕ್ಷಣದ ನೆರೆಯವರನ್ನಷ್ಟೇ ಅವನು ನೋಡುತ್ತಾನೆ. ಆದರೆ ಉಳಿದವರನ್ನೆಲ್ಲ ಪಕ್ಕಕ್ಕಿಟ್ಟು ಒಬ್ಬನ ಕಥೆಯನ್ನಷ್ಟೇ ಬರೆದರೆ, ಅವರ ಪ್ರಭಾವ ಅವನ ಸಮೀಕರಣದಲ್ಲಿ ನೆನಪಾಗಿ ಬಂದು ಕೂರುತ್ತದೆ. ನಮ್ಮ ಮಾವ ಗಂಗಾವತಿ ಹತ್ತಿರ ಭತ್ತ ಬೆಳೆಯುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆವತ್ತಿನಿಂದ ಫೋನಿನಲ್ಲಿ ನೀರಿನ ಮಟ್ಟ ನೋಡದೇ ಸಸಿ ಮಡಿ ಹಾಕುವುದಿಲ್ಲ. ಅವರು ಮರೆತರೂ ಬದುವಿನ ಆಚೆಯವರು ಬಂದು 'ಎಷ್ಟು ಅಡಿ ಇದೆ' ಅಂತ ಕೇಳಿ ನೆನಪಿಸುತ್ತಾರೆ. ನನಗೆ ಈ ಗಣಿತ ಇಷ್ಟವಾಗುವುದೇ ಈ ಕಾರಣಕ್ಕೆ.

ಅಳೆಯುವುದು ಹೇಗೆ ಅಂದರೆ, ಒಬ್ಬ ರೈತ ಒಂದು ಬೆಳೆಗೆ ಅಂಟಿಕೊಂಡು ಎಷ್ಟು ಕಾಲ ಇರುತ್ತಾನೆ ಅಂತ ಪ್ರತಿ ಸಲ ಬರೆದಿಡು. ಅಷ್ಟು ಕಾಲಕ್ಕಿಂತ ಜಾಸ್ತಿ ಇರುವ ಸಂಭವ ಎಷ್ಟು ಅನ್ನುವುದನ್ನು ಲಾಗ್-ಲಾಗ್ ಗ್ರಾಫ್‌ನಲ್ಲಿ ಹಾಕು. ನೇರ ಗೆರೆ ಸಿಕ್ಕಿದ ಜಾಗದ ಇಳಿಜಾರೇ ಆಲ್ಫಾ. ಕೊನೆಯಲ್ಲಿ ಗೆರೆ ಕೆಳಕ್ಕೆ ಬಾಗಿದರೆ ಆ ಭಾಗವನ್ನು ಫಿಟ್‌ಗೆ ಸೇರಿಸಬೇಡ, ಜಾಲಕ್ಕೆ ಒಂದು ಮಿತಿ ಇರುವುದರಿಂದ ಹಾಗೆ ಬಾಗುತ್ತದೆ. ನೇರ ಗೆರೆಯೇ ಸಿಗದಿದ್ದರೆ ಫ್ರಾಕ್ಷನಲ್ ಸಮೀಕರಣವನ್ನು ಬಲವಂತವಾಗಿ ತುರುಕಬೇಡ.

ಸಿಂಧನೂರು_ಎಂಎಸ್ಸಿ:
ವ್ಯತ್ಯಾಸಕ್ಕೆ ಹಾಕಿದೆ ಅಕ್ಕಾ, ಬಲಗಡೆ ಸೊನ್ನೆ ಇಟ್ಟರೆ ಈಗ ಗೆರೆ 1ರಲ್ಲೇ ನಿಂತಿದೆ! ಆದರೆ ಸಿಮ್ಯುಲೇಶನ್‌ನ ಒಬ್ಬ ರೈತನ ಜೊತೆ ಹೋಲಿಸಿದರೆ ಆಗುತ್ತಿಲ್ಲ. ಅವನು +1, -1 ಅಂತ ಜಿಗಿಯುತ್ತಾನೆ, ನನ್ನ ಗೆರೆ ಮಾತ್ರ ನುಣ್ಣಗಿದೆ. 2500 ಜನರ ಸರಾಸರಿ ಜೊತೆ ಹೋಲಿಸಲಾ?

ಕೊಪ್ಪಳ_ಕೋಡ್:
ಬೇಡ, ಅದು ಇಡೀ ಜಾಲದ ಸರಾಸರಿ, ಒಬ್ಬನದಲ್ಲ. ಒಬ್ಬನನ್ನೇ ಗುರುತಿಟ್ಟುಕೊಳ್ಳಿ. ಪ್ರತಿ ರನ್‌ನಲ್ಲೂ ಅವನು +1ರಿಂದ ಹೊರಡಲಿ, ಸಾವಿರಾರು ರನ್ ಮಾಡಿ ಅವನ ಸರಾಸರಿ ತೆಗೆಯಿರಿ. ಆ ಸರಾಸರಿಯನ್ನು ಮಿಟ್ಟಾಗ್-ಲೆಫ್ಲರ್ ಫಂಕ್ಷನ್ (ಇಂಥ ಫ್ರಾಕ್ಷನಲ್ ಸಮೀಕರಣದ ಉತ್ತರವಾಗಿ ಬರುವ ಫಂಕ್ಷನ್) ಜೊತೆ ಹೋಲಿಸಿ. ಆ ಫಂಕ್ಷನನ್ನು ಸರಣಿ ಕೂಡಿಸಿ ಲೆಕ್ಕ ಮಾಡಬೇಡಿ, ಕಾಲ ದೊಡ್ಡದಾದಾಗ ದೊಡ್ಡ ಪದಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಕಸ ಉಳಿಯುತ್ತದೆ.

ಕಾಲದ ಅಳತೆ ಬದಲಿಸುವಾಗಲೂ ಹುಷಾರು. ದಿನದಿಂದ ವಾರಕ್ಕೆ ಹೋದರೆ ಸಮೀಕರಣದ ದರ 7 ಪಟ್ಟು ಆಗುವುದಿಲ್ಲ, 7ರ ಘಾತ ಆಲ್ಫಾ ಆಗುತ್ತದೆ. ಆಲ್ಫಾ 0.7 ಆದರೆ ಸುಮಾರು 3.9 ಪಟ್ಟು.

ಬಳ್ಳಾರಿ_ಅಕ್ಕ:
ದೊಡ್ಡ ರನ್ ಹಾಕುವ ಮುಂಚೆ ಕೆ ಸೊನ್ನೆ ಇಟ್ಟು ನೋಡು. ಆಗ ಯಾರೂ ಯಾರನ್ನೂ ನೋಡುವುದಿಲ್ಲ, ಆಲ್ಫಾ 1, ಸಾಮಾನ್ಯ ಡೆರಿವೇಟಿವ್. ಎರಡೂ ಕಡೆ ದರ 0.01 ಇರುವುದರಿಂದ ಸರಾಸರಿ ಇಳಿಯುವ ದರ 0.02. ಕಾಲ 50ಕ್ಕೆ 0.37 ಹತ್ತಿರ ಬರಬೇಕು.

ಸಿಂಧನೂರು_ಎಂಎಸ್ಸಿ:
ಕೆ ಸೊನ್ನೆಗೆ 0.37 ಬಂತು ಅಕ್ಕಾ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ರಾತ್ರಿ ಕೆ 1.7ಕ್ಕೆ 5000 ರನ್ ಹಾಕಿ ಮಲಗುತ್ತೇನೆ. ಪ್ರತಿ 100 ರನ್‌ಗೆ ಒಮ್ಮೆ ಫೈಲ್ ಸೇವ್ ಆಗುವ ಹಾಗೆ ಮಾಡಿದ್ದೇನೆ, ಮಧ್ಯರಾತ್ರಿ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಆಲ್ಫಾ ಎಷ್ಟು ಬಂತು ಅಂತ ನಾಳೆ ಇಲ್ಲೇ ಹಾಕುತ್ತೇನೆ.