'ಇನ್‌ಹ್ಯೂಮನ್ಸ್' ನೋಡಬಹುದಾ? ನೋಡಿದವರು ಸ್ವಲ್ಪ ಹೇಳಿ

ಕೇಳಿದವರು, ಮೈಸೂರು:
ಮಗನಿಗೆ ಹನ್ನೆರಡು ವರ್ಷ. ಮಾರ್ವೆಲ್ ಸಿನಿಮಾ ಒಂದೂ ಬಿಟ್ಟಿಲ್ಲ. ಈಗ 2017ರ 'ಇನ್‌ಹ್ಯೂಮನ್ಸ್' ಸೀರೀಸ್ ಮೇಲೆ ಕಣ್ಣು ಬಿದ್ದಿದೆ. ದಸರಾ ರಜೆಯಲ್ಲಿ ಇಬ್ಬರೂ ಕೂತು ನೋಡೋಣ ಅಂತಾನೆ. ಇರುವುದು ಎಂಟೇ ಎಪಿಸೋಡು. ಆದರೆ ಯಾರನ್ನು ಕೇಳಿದರೂ ಮೂಗು ಮುರಿಯುತ್ತಾರೆ. ನಿಜವಾಗಲೂ ಅಷ್ಟು ಕೆಟ್ಟದಾಗಿದೆಯಾ? ಅಥವಾ ಎಲ್ಲರೂ ಬೈತಾರೆ ಅಂತ ಇವರೂ ಬೈಯುತ್ತಿದ್ದಾರಾ?

ಸ್ಯಾನ್ ಹೋಸೆಯಿಂದ:
ನಾನು ಇದನ್ನು ಟಿಕೆಟ್ ತೆಗೆದುಕೊಂಡು ಐಮ್ಯಾಕ್ಸ್‌ನಲ್ಲಿ ನೋಡಿದ ಪುಣ್ಯಾತ್ಮ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಗಿದ್ದು ಸೆಪ್ಟೆಂಬರ್ 29ಕ್ಕೆ. ಅದಕ್ಕೂ ಮುಂಚೆ, ಸೆಪ್ಟೆಂಬರ್ 1ಕ್ಕೆ, ಮೊದಲೆರಡು ಎಪಿಸೋಡನ್ನು ದೊಡ್ಡ ಪರದೆಗೆ ಬಿಟ್ಟಿದ್ದರು. ಐಮ್ಯಾಕ್ಸ್‌ನವರೇ ದುಡ್ಡು ಹಾಕಿದ್ದರು. ರಾಜಮನೆತನದವರು ತಪ್ಪಿಸಿಕೊಂಡು ಬರುವ ಹವಾಯಿಯ ಸಮುದ್ರ, ಕಾಡು ಬಂದಾಗ ಪರವಾಗಿಲ್ಲ, ಚೆನ್ನಾಗಿಯೇ ಕಾಣುತ್ತೆ. ಆದರೆ ಕಥೆ ನಡೆಯಬೇಕಾದ್ದು ಚಂದ್ರನ ಮೇಲಿರುವ, ಇನ್‌ಹ್ಯೂಮನ್ಸ್ ಅನ್ನೋ ವಿಶೇಷ ಶಕ್ತಿಯ ಜನರ ಅಟಿಲಾನ್ ರಾಜ್ಯದಲ್ಲಿ. ಅರಮನೆ ಅಂತ ತೋರಿಸಿದ್ದು ಬೂದು ಗೋಡೆ, ಖಾಲಿ ಕಾರಿಡಾರ್. ಗೃಹಪ್ರವೇಶಕ್ಕೆ ಮುಂಚಿನ ಸರ್ಕಾರಿ ಕಟ್ಟಡದ ಹಾಗಿತ್ತು. ಟಿವಿಯಲ್ಲಾದರೆ ಕಣ್ಣು ತಪ್ಪಿಹೋಗುತ್ತಿತ್ತೇನೋ. ಅಷ್ಟು ದೊಡ್ಡ ಪರದೆಯಲ್ಲಿ ಬಡತನ ಮುಚ್ಚಿಡೋದು ಕಷ್ಟ.

ಬೆಂಗಳೂರಿನಿಂದ:
ನಾನು ವಿಎಫ್‌ಎಕ್ಸ್, ಅಂದರೆ ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ಕೆಲಸದವನು. ಈ ಸೀರೀಸಿಗೆ ಕೆಲಸ ಮಾಡಿಲ್ಲ, ಬರೀ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ರಾಣಿ ಮೆಡೂಸಾಳ ಶಕ್ತಿಯೆಲ್ಲ ಇರುವುದು ಅವಳ ಉದ್ದ ಕೆಂಪು ಕೂದಲಿನಲ್ಲಿ. ಅದೇ ಅವಳ ಕೈ, ಅದೇ ಚಾವಟಿ. ನಮ್ಮ ಕೆಲಸದಲ್ಲಿ ಕೂದಲಿನಷ್ಟು ಗೋಳು ಕೊಡುವುದು ಬೇರೆ ಕಡಿಮೆ. ಸಾವಿರಾರು ಎಳೆ ಒಂದಕ್ಕೊಂದು ತಾಗಿಕೊಂಡು ಓಡಾಡಬೇಕು. ಒಂದೊಂದಕ್ಕೂ ಬೆಳಕು ಸರಿಯಾಗಿ ಬೀಳಬೇಕು. ಮೇಲೆ ಆ ಕೂದಲು ಒಬ್ಬನ ಕತ್ತು ಹಿಡಿದರೆ ಅವನ ಚರ್ಮ, ಬಟ್ಟೆ ಎಲ್ಲ ಅದಕ್ಕೆ ತಕ್ಕಂತೆ ಅಲುಗಬೇಕು. ಒಂದು ಶಾಟ್ ಸರಿ ಮಾಡೋಕೆ ವಾರಗಟ್ಟಲೆ ಹಿಡಿಯುತ್ತೆ. ಟಿವಿ ಸೀರೀಸಿನವರು ಅಷ್ಟು ದಿನ ಎಲ್ಲಿ ಕಾಯ್ತಾರೆ?

ಇವರು ಏನು ಮಾಡಿದರು ಗೊತ್ತಾ? ಮೊದಲ ಎಪಿಸೋಡಿನಲ್ಲೇ ರಾಜನ ತಮ್ಮ ಮ್ಯಾಕ್ಸಿಮಸ್ ದಂಗೆ ಎದ್ದು ಅವಳ ತಲೆ ಬೋಳಿಸಿಬಿಡುತ್ತಾನೆ! ಅಲ್ಲಿಗೆ ಮುಗೀತು. ಖರ್ಚು ಉಳಿಸೋಕೇ ಹಾಗೆ ಬರೆದರು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಉಳಿದವರನ್ನೂ ಗಮನಿಸಿ. ಯಾವುದೇ ವಸ್ತುವಿನ ದೌರ್ಬಲ್ಯ ನೋಡಿದ ಕೂಡಲೇ ಕಂಡುಹಿಡಿಯುವ ಕಾರ್ನಾಕ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ, ಶಕ್ತಿ ಕೈಕೊಡುತ್ತೆ. ಮೈತುಂಬಾ ಹಸಿರು ಮೇಕಪ್ ಬೇಕಾದ ಟ್ರೈಟನ್ ಶುರುವಿನಲ್ಲೇ ಮಾಯ, ಮತ್ತೆ ಮುಖ ತೋರಿಸುವುದು ಕೊನೆಕೊನೆಗೆ. ಜನರನ್ನು ಕ್ಷಣದಲ್ಲಿ ಎಲ್ಲಿಂದೆಲ್ಲಿಗೋ ಕರೆದೊಯ್ಯುವ ದೈತ್ಯ ನಾಯಿ ಲಾಕ್‌ಜಾ ಇದೆ. ಪೂರ್ತಿ ಕಂಪ್ಯೂಟರಿನದೇ, ಮತ್ತೆ ಇಡೀ ಸೀರೀಸಿನಲ್ಲಿ ಚೆನ್ನಾಗಿ ಮಾಡಿದ್ದು ಅದೊಂದೇ. ಅದಕ್ಕೂ ಹವಾಯಿಯಲ್ಲಿ ಗಾಯವಾಗಿ ಮಲಗುವ ಹಣೆಬರಹ. ರಾಜ ಬ್ಲ್ಯಾಕ್ ಬೋಲ್ಟ್ ಪಿಸುಗುಟ್ಟಿದರೂ ಎದುರಿದ್ದವರು ಉಳಿಯುವುದಿಲ್ಲ, ಹಾಗಾಗಿ ಅವನು ಬಾಯಿಯೇ ತೆಗೆಯುವುದಿಲ್ಲ.

ಶಕ್ತಿ ಇರುವವರ ಕಥೆ ತೆಗೆದುಕೊಂಡು, ಶಕ್ತಿ ತೋರಿಸೋಕೆ ದುಡ್ಡಿಲ್ಲ ಅಂತ ಎಲ್ಲರ ಶಕ್ತಿಯನ್ನೂ ಕಿತ್ತುಕೊಂಡರೆ ಉಳಿಯುವುದೇನು? ಹೊನೊಲುಲುವಿನ ಬೀದಿಯಲ್ಲಿ ಅಲೆಯುವ ಒಂದಿಷ್ಟು ಜನ.

ಹುಬ್ಬಳ್ಳಿಯಿಂದ:
ದುಡ್ಡಿನ ಮಾತು ಬಿಡಿ ಸರ್, ಕಥೆಯೇ ತಲೆಕೆಳಗು. ಆ ರಾಜ್ಯದಲ್ಲಿ ವಯಸ್ಸಿಗೆ ಬಂದವರನ್ನೆಲ್ಲ ಟೆರಿಜನ್ ಅನ್ನೋ ಮಂಜಿಗೆ ಒಡ್ಡುತ್ತಾರೆ. ಒಳ್ಳೆ ಶಕ್ತಿ ಬಂದರೆ ಮೇಲೆ ಜಾಗ. ಏನೂ ಬರದಿದ್ದರೆ ಗಣಿ ಕೆಲಸ. ರಾಜಮನೆತನ ಮಾತ್ರ ಆರಾಮಾಗಿ ಅರಮನೆಯಲ್ಲಿ. ಮ್ಯಾಕ್ಸಿಮಸ್‌ಗೆ ಯಾವ ಶಕ್ತಿಯೂ ಬಂದಿಲ್ಲ, ಈ ಪದ್ಧತಿ ಕೊನೆಯಾಗಲಿ ಅಂತ ಜನರನ್ನು ಎಬ್ಬಿಸುತ್ತಾನೆ. ಅವನೇ ವಿಲನ್ ಅಂತೆ! ಹುಟ್ಟಿನಿಂದ ಮೇಲು ಕೀಳು ಅನ್ನೋದನ್ನು ಕಂಡ ನಮ್ಮಂಥವರು ರಾಜನ ಪರ ಹೇಗೆ ನಿಲ್ಲೋದು? ಮ್ಯಾಕ್ಸಿಮಸ್ ಅಧಿಕಾರದ ಆಸೆಯವನು, ಕ್ರೂರಿ, ಒಪ್ಪೋಣ. ಆದರೆ ಗಣಿಯವರ ಪ್ರಶ್ನೆಗೆ ಉತ್ತರ ಕೊಡುವ ಮನಸ್ಸು ಬರೆದವರಿಗೇ ಇಲ್ಲ.

ಎರಡನೇ ಎಪಿಸೋಡಿನಲ್ಲಿ ರಾಜರು ಬಟ್ಟೆ ಅಂಗಡಿಗೆ ನುಗ್ಗಿ, ಸೂಟು ಹಾಕಿಕೊಂಡು, ದುಡ್ಡು ಕೊಡದೇ ಹೊರಗೆ ಬರುತ್ತಾರೆ. ಪೊಲೀಸರು ಹಿಡಿದು ಒಳಗೆ ಹಾಕುತ್ತಾರೆ. ದುಡ್ಡು ಅಂದರೇನು ಅಂತ ಗೊತ್ತಿಲ್ಲದ ಮೂಕ ರಾಜ! ಸರಿಯಾಗಿ ಬರೆದಿದ್ದರೆ ಬಿದ್ದೂ ಬಿದ್ದೂ ನಗಬಹುದಿತ್ತು. ಇಲ್ಲಿ ಗಂಭೀರವಾಗಿ ತೆಗೆದಿದ್ದಾರೆ. ನಾನು ಮಾತ್ರ ನಕ್ಕೆ.

ಡಬ್ಲಿನ್‌ನಿಂದ:
ಪಾಪ, ಬ್ಲ್ಯಾಕ್ ಬೋಲ್ಟ್ ಆಗಿರುವ ಆನ್ಸನ್ ಮೌಂಟ್ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಚಂದ್ರನವನಿಗೆ ಅಮೆರಿಕದ ಸನ್ನೆ ಭಾಷೆ ಎಲ್ಲಿಂದ ಬರಬೇಕು ಅಂತ, ಬ್ಲ್ಯಾಕ್ ಬೋಲ್ಟ್‌ಗಾಗಿ ಬೇರೆಯದೇ ಸನ್ನೆಗಳನ್ನು ಕಟ್ಟಿಕೊಂಡಿದ್ದರು. ಅಷ್ಟು ಶ್ರದ್ಧೆ ಬರವಣಿಗೆಯಲ್ಲಿ ಇರಲಿಲ್ಲ.

ಮಂಗಳೂರಿನಿಂದ:
ದುಡ್ಡು ಕಡಿಮೆ ಇದ್ದಿದ್ದಕ್ಕೇ ಕೆಟ್ಟಿತು ಅನ್ನೋದನ್ನು ನಾನು ಒಪ್ಪಲ್ಲ. ಮ್ಯಾಕ್ಸಿಮಸ್ ಆಗಿರುವ ಇವಾನ್ ರಿಯಾನ್ ಇದ್ದಾರಲ್ಲ, ಅವರದೇ 'ಮಿಸ್‌ಫಿಟ್ಸ್' ನೋಡಿ. 2009ರಲ್ಲಿ ಬ್ರಿಟನ್ನಿನ ಇ4 ಚಾನೆಲ್‌ನಲ್ಲಿ ಶುರುವಾಗಿದ್ದು. ತಪ್ಪು ಮಾಡಿ ಸಮುದಾಯ ಸೇವೆಯ ಶಿಕ್ಷೆ ಪಡೆದ ಐದು ಹುಡುಗ ಹುಡುಗಿಯರು, ಒಂದು ವಿಚಿತ್ರ ಬಿರುಗಾಳಿ, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಶಕ್ತಿ. ರಿಯಾನ್ ಪಾತ್ರಕ್ಕೆ ಮಾಯವಾಗುವ ಶಕ್ತಿ. ಇವನನ್ನು ಮೊದಲಿಂದಲೂ ಯಾರೂ ಕ್ಯಾರೇ ಅನ್ನಲ್ಲ, ಅಂಥವನಿಗೆ ಕಾಣದೇ ಹೋಗುವ ಶಕ್ತಿ! ಇದಕ್ಕೆ ಅರಮನೆಯೂ ಬೇಡ, ಚಂದ್ರನೂ ಬೇಡ. ಲಂಡನ್ನಿನ ಬಡಾವಣೆ, ಕಿತ್ತಳೆ ಬಣ್ಣದ ಯೂನಿಫಾರಂ, ಅಷ್ಟೇ. ಆದರೆ ಮಗನ ಜೊತೆ ಮಾತ್ರ ಬೇಡ. ಬೈಗುಳ, ಹಾಸಿಗೆ ಸೀನು ಎಲ್ಲ ಧಾರಾಳವಾಗಿದೆ. ನೀವೊಬ್ಬರೇ ಕೂತು ನೋಡಿ.

ಕೇಳಿದವರು, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ನಾಯಿ ವಿಷಯ ಹೇಳಿದ್ದೇ ತಪ್ಪಾಯಿತು, ಈಗ ನೋಡಲೇಬೇಕು ಅಂತಾನೆ. ಇದನ್ನು ನೋಡದೇ ಬಿಟ್ಟರೆ ಬೇರೆ ಮಾರ್ವೆಲ್ ಕಥೆ ಅರ್ಥವಾಗದೇ ಹೋಗುತ್ತಾ?

ಬೆಂಗಳೂರಿನಿಂದ:
ಏನೂ ತೊಂದರೆ ಇಲ್ಲ. 2018ರಲ್ಲೇ ಇದನ್ನು ನಿಲ್ಲಿಸಿದರು, ಮುಂದಿನ ಯಾವ ಕಥೆಯೂ ಇದರ ಮೇಲೆ ನಿಂತಿಲ್ಲ. ಬ್ಲ್ಯಾಕ್ ಬೋಲ್ಟ್ ಮತ್ತೆ ಬಂದಿದ್ದು 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾದಲ್ಲಿ, ಅದೂ ಬೇರೆ ಲೋಕದವನಾಗಿ, ಸ್ವಲ್ಪ ಹೊತ್ತಿಗೆ. ಅದನ್ನು ನಿಮ್ಮ ಮಗ ಆಗಲೇ ನೋಡಿರ್ತಾನೆ. ಇನ್‌ಹ್ಯೂಮನ್ಸ್ ಅಂದರೆ ಯಾರು ಅಂತ ತಿಳಿಯಬೇಕಿದ್ದರೆ ಮಾರ್ವೆಲ್ಲಿನದೇ ಇನ್ನೊಂದು ಸೀರೀಸ್ 'ಏಜೆಂಟ್ಸ್ ಆಫ್ ಶೀಲ್ಡ್' ಎರಡನೇ ಸೀಸನ್ ವಾಸಿ. ಅಲ್ಲಿ ಡೈಸಿ ಅನ್ನೋ ಹುಡುಗಿಗೆ ಶಕ್ತಿ ಬರುತ್ತೆ, ಅದರಿಂದ ಅವಳಿಗಾಗುವ ಭಯವೂ ನಮಗೆ ತಟ್ಟುತ್ತೆ. ಮೊದಲ ಸೀಸನ್ ಶುರುವಿನಲ್ಲಿ ಸ್ವಲ್ಪ ನಿಧಾನ, ಸಹಿಸಿಕೊಳ್ಳಿ.

ನಾಯಿಗೋಸ್ಕರವೇ ಆದರೆ ಮೊದಲ ಎರಡು ಎಪಿಸೋಡು ಹಾಕಿ. ಮೂರನೆಯದನ್ನು ಅವನೇ ಕೇಳಿದರೆ ಮಾತ್ರ ಮುಂದೆ ಹೋಗಿ.